ಬೆಂಕಿಯುಂಡೆಯ ಮಂತ್ರ

ಪ್ರಶ್ನೆ: ಮಗ ಆಡುವ ಗೇಮ್‌ನಲ್ಲಿ ಮಂತ್ರವಾದಿ ಬೆಂಕಿಯ ಉಂಡೆ ಎಸೆಯುತ್ತಾನೆ. ಇದು ನಮ್ಮ ಆಗ್ನೇಯಾಸ್ತ್ರವೇ ತಾನೆ? – ಓದುಗರೊಬ್ಬರು, ಹುಲಿಯೂರುದುರ್ಗ

ಉತ್ತರ: ಹೋಲಿಕೆ ಇದೆ, ನಂಟಿಲ್ಲ. ಬೆಂಕಿಯುಂಡೆಯ ಈ ಮಂತ್ರಕ್ಕೆ ಹೆಸರು ತಂದದ್ದು 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ. ಅದರ ಈಚಿನ ನಿಯಮದಂತೆ ಆರು ಮುಖದ ಎಂಟು ದಾಳ ಉರುಳಿಸಿ, ಬಿದ್ದ ಅಂಕಿಗಳನ್ನು ಕೂಡಿದಷ್ಟು ಪೆಟ್ಟು. ಮಂತ್ರಕ್ಕೆ ಬೇಕಾದ ಸಾಮಗ್ರಿ ಬಾವಲಿ ಹಿಕ್ಕೆ ಮತ್ತು ಗಂಧಕ! ಹಿಕ್ಕೆಯಿಂದ ಪೆಟ್ಲುಪ್ಪು ತೆಗೆಯಬಹುದು. ಅದಕ್ಕೆ ಗಂಧಕ, ಇದ್ದಿಲು ಸೇರಿದರೆ ಅದೇ ಸಿಡಿಮದ್ದು. ನಿಯಮ ಬರೆದವರು ತುಂಟರೇ ಸರಿ.

ನಮ್ಮ ಅಸ್ತ್ರಕ್ಕೆ ದಾಳ ಬೇಡ, ಗುರು ಬೇಕು. ಮಹಾಭಾರತದಲ್ಲಿ ಅರ್ಜುನ ದ್ರೋಣರಿಂದ ಕಲಿತ ಆಗ್ನೇಯಾಸ್ತ್ರದಿಂದ ಗಂಗೆಯ ದಡದಲ್ಲಿ ಗಂಧರ್ವ ಅಂಗಾರಪರ್ಣನ ರಥ ಸುಟ್ಟ. ಆಮೇಲೆ ಸ್ನೇಹವಾಗಿ, ಅಸ್ತ್ರವನ್ನು ಅವನಿಗೇ ಕೊಟ್ಟು ಕುದುರೆ ಪಡೆಯುವ ಮಾತಾಯಿತು. ಗೇಮ್‌ನಲ್ಲಿ ಇಂಥ ವ್ಯವಹಾರ ಕಾಣೆ.

ಕಣ್ಣೆದುರಿನ ಬೆಂಕಿಯುಂಡೆ ಬೇಕೆಂದರೆ ನಮ್ಮ ಬಯಲಾಟ ನೋಡಿ. ರಾಕ್ಷಸ ವೇಷ ರಂಗಕ್ಕೆ ಬರುವಾಗ ಉರಿಯುವ ಪಂಜಿಗೆ ಹಿಡಿ ರಾಳದ ಪುಡಿ ಎರಚುತ್ತಾರೆ. ಭಗ್ಗೆಂದು ಜ್ವಾಲೆ ಎದ್ದು, ಕ್ಷಣದಲ್ಲೇ ಇಲ್ಲವಾಗುತ್ತದೆ. ರಾಳ ಮರದ ಅಂಟು. ಗಟ್ಟಿ ಇದ್ದರೆ ನಿಧಾನ ಉರಿಯುತ್ತದೆ. ನುಣ್ಣಗೆ ಪುಡಿಯಾಗಿ ಹಾರಿದಾಗ ಪ್ರತಿ ಕಣಕ್ಕೂ ಸುತ್ತ ಗಾಳಿ ಸಿಕ್ಕು, ಎಲ್ಲವೂ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಹಿಟ್ಟಿನ ಗಿರಣಿಗಳಲ್ಲಿ ಸ್ಫೋಟವಾಗುವುದೂ ಇದೇ ಕಾರಣಕ್ಕೆ.

ಮಗನಿಗೆ ಬಯಲಾಟ ತೋರಿಸಿ, ಆದರೆ ರಾಳ ಮಾತ್ರ ಕೈಗೆ ಕೊಡಬೇಡಿ.