ಇಲ್ಲದ್ದನ್ನು ಮಾರುವವರು: ನಿಷೇಧ, ನುಡಿಗಟ್ಟು ಮತ್ತು ವಾಯಿದೆ ವ್ಯಾಪಾರ

ಹೊಲ, ಕಣ, ಜಾತ್ರೆಗಳಲ್ಲಿ ಹುಟ್ಟಿದ ನುಡಿಗಟ್ಟುಗಳಿಗೆ ಜಾನಪದ ಅಧ್ಯಯನ ನೀಡಿದಷ್ಟು ಗಮನವನ್ನು ಪೇಟೆಯ ನುಡಿಗಟ್ಟುಗಳಿಗೆ ನೀಡಿಲ್ಲ. ವ್ಯಾಪಾರಿಗಳದೂ ಒಂದು ಜನಸಮುದಾಯವೇ. ಕಾನೂನು ಅವರ ವ್ಯವಹಾರವನ್ನು ತಡೆದಾಗ ಅದರ ಪರಿಣಾಮ ಅವರ ಆಡುಮಾತಿನಲ್ಲೂ ಉಳಿಯುತ್ತದೆ. ತನ್ನಲ್ಲಿ ಇಲ್ಲದ ಷೇರನ್ನು ಮಾರುವ ‘ಶಾರ್ಟ್ ಸೆಲ್ಲಿಂಗ್’ ಮೇಲಿನ ನಿರ್ಬಂಧವು ವಾಯಿದೆ ಹಾಗೂ ಆಪ್ಷನ್ ವ್ಯಾಪಾರಿಗಳನ್ನು ಹೇಗೆ ತಟ್ಟುತ್ತದೆ ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ನಿಗದಿತ ಬೆಲೆಗೆ ಮುಂದೊಂದು ದಿನ ಕೊಳ್ಳುವ ಅಥವಾ ಮಾರುವ ಹಕ್ಕನ್ನು ಹಣ ತೆತ್ತು ಪಡೆಯುವುದೇ ಆಪ್ಷನ್.

ಈ ನಿರ್ಬಂಧದ ಚರಿತ್ರೆ ಆಮ್‌ಸ್ಟರ್‌ಡ್ಯಾಮಿನಿಂದ ಮೊದಲಾಗುತ್ತದೆ. 1609ರಲ್ಲಿ ಇಸಾಕ್ ಲ ಮೇರ್ ಎಂಬ ವರ್ತಕನ ಕೂಟವು ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳನ್ನು, ಅವು ತನ್ನ ಬಳಿ ಇಲ್ಲದೆಯೇ, ಮುಂದಿನ ದಿನಾಂಕಕ್ಕೆ ಮಾರತೊಡಗಿತು. ಇದರಿಂದ ವಿಧವೆಯರಿಗೂ ಅನಾಥರಿಗೂ ನಷ್ಟವೆಂದು ಕಂಪನಿಯ ನಿರ್ದೇಶಕರು ದೂರಿದರು. 1610ರ ಫೆಬ್ರವರಿ 27ರಂದು ನಿಷೇಧಾಜ್ಞೆ ಹೊರಟಿತು. ಇಂಥ ವ್ಯವಹಾರಕ್ಕೆ ಡಚ್ಚರಿಟ್ಟ ಹೆಸರು ‘ಗಾಳಿ ವ್ಯಾಪಾರ’.

ಆದರೆ ವ್ಯಾಪಾರ ನಿಲ್ಲಲಿಲ್ಲ. ಅದಕ್ಕಿದ್ದ ನ್ಯಾಯಾಲಯದ ಆಸರೆ ತಪ್ಪಿತು. ಬೆಲೆ ಇಳಿದಾಗ ಕೊಳ್ಳುವವನು, ಮಾರಿದವನ ಬಳಿ ಷೇರು ಇರಲೇ ಇಲ್ಲವೆಂದು ವಾದಿಸಿ ಒಪ್ಪಂದದಿಂದ ನುಣುಚಿಕೊಳ್ಳಬಹುದಿತ್ತು. ಆಜ್ಞೆಯನ್ನು ನವೀಕರಿಸಿದ ರಾಜಪ್ರತಿನಿಧಿ ಫ್ರೆಡೆರಿಕ್ ಹೆಂಡ್ರಿಕ್‌ನ ಹೆಸರಿನಿಂದ ಪೇಟೆಯಲ್ಲಿ ಇದಕ್ಕೆ ‘ಫ್ರೆಡೆರಿಕ್‌ನ ಮೊರೆಹೋಗುವುದು’ ಎಂಬ ಮಾತು ಬಳಕೆಗೆ ಬಂತು. ಜೋಸೆಫ್ ದೆ ಲಾ ವೇಗಾ 1688ರ ತನ್ನ ಸ್ಪ್ಯಾನಿಷ್ ಗ್ರಂಥದಲ್ಲಿ ಈ ಬಳಕೆಯನ್ನು ದಾಖಲಿಸಿದ್ದಾನೆ. ಆಜ್ಞೆಯು ಆಪ್ಷನ್‌ಗೂ ಅನ್ವಯಿಸುತ್ತದೆಯೇ ಎಂಬುದರಲ್ಲಿ ಕಾನೂನು ಪಂಡಿತರಿಗೇ ಒಮ್ಮತವಿರಲಿಲ್ಲವೆಂದೂ ಆತ ಹೇಳುತ್ತಾನೆ. ಹೀಗಾಗಿ ವ್ಯಾಪಾರಿಗೆ ಉಳಿದ ಭದ್ರತೆಯೆಂದರೆ ಎದುರಾಳಿಯ ಮಾತು ಮತ್ತು ಮರ್ಯಾದೆ.

ಇಂದಿನ ಪೇಟೆಯಲ್ಲಿ ಒಪ್ಪಂದಕ್ಕೆ ಕಾನೂನಿನ ಬಲವಿದೆ; ನಿರ್ಬಂಧ ತಪ್ಪಿಸುವುದು ಬೇರೊಂದು ಆಸರೆಯನ್ನು. ಷೇರನ್ನು 100 ರೂಪಾಯಿಗೆ ಮಾರುವ ಹಕ್ಕನ್ನು, ಅಂದರೆ ಪುಟ್ ಆಪ್ಷನ್ನನ್ನು, ಕೊಟ್ಟವನಿಗೆ ಬೆಲೆ ಕುಸಿದರೆ ನಷ್ಟ. ಅದನ್ನು ತುಂಬಿಕೊಳ್ಳಲು ಆತ ಎರವಲು ಷೇರನ್ನು ಮಾರುತ್ತಾನೆ. ಆ ದಾರಿ ಮುಚ್ಚಿದರೆ ಹಕ್ಕಿಗೆ ಹೆಚ್ಚು ಹಣ ಕೇಳುತ್ತಾನೆ, ಇಲ್ಲವೇ ಪೇಟೆಯಿಂದ ಹಿಂದೆ ಸರಿಯುತ್ತಾನೆ. ವಾಯಿದೆಯ ಬೆಲೆ 96ಕ್ಕೆ ಇಳಿದು ಷೇರು 100ರಲ್ಲೇ ನಿಂತರೆ, ಷೇರನ್ನು ಮಾರಿ ವಾಯಿದೆಯನ್ನು ಕೊಳ್ಳುವವರು ಈ ಅಂತರವನ್ನು ಕುಗ್ಗಿಸುತ್ತಾರೆ. ನಿಷೇಧವಿದ್ದಾಗ ಅಂತರ ಹಾಗೆಯೇ ಉಳಿಯಬಹುದು. ತನ್ನ ಷೇರುಗಳ ರಕ್ಷಣೆಗಾಗಿ ವಾಯಿದೆ ಮಾರುವವನಿಗೆ ಕಡಿಮೆ ಬೆಲೆಯೇ ದಕ್ಕುತ್ತದೆ.

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕವು ಸುಮಾರು 800 ಹಣಕಾಸು ಕಂಪನಿಗಳ ಷೇರುಗಳ ಮೇಲೆ ಇಂಥ ನಿಷೇಧ ಹೇರಿತು. ಆಪ್ಷನ್ ಪೇಟೆಯನ್ನು ನಡೆಸುವ ಮಧ್ಯವರ್ತಿಗಳಿಗೆ ವಿನಾಯಿತಿ ದೊರೆತರೂ ಆ ಷೇರುಗಳ ಆಪ್ಷನ್‌ಗಳಲ್ಲಿ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರ ಹಿಗ್ಗಿತು. ಬಟಾಲಿಯೊ ಮತ್ತು ಷುಲ್ಟ್ಜ್ 2011ರಲ್ಲಿ ಪ್ರಕಟಿಸಿದ ಅಧ್ಯಯನವು ಆಪ್ಷನ್ ವ್ಯಾಪಾರಿಗಳು ತೆತ್ತ ಹೆಚ್ಚುವರಿ ವೆಚ್ಚವನ್ನು 50 ಕೋಟಿ ಡಾಲರಿಗೂ ಮಿಗಿಲೆಂದು ಅಂದಾಜಿಸಿದೆ. ಭಾರತದಲ್ಲಿ ಬಿಡಿ ಷೇರುಗಳ ಆಪ್ಷನ್ ಮತ್ತು ವಾಯಿದೆ 2001ರಲ್ಲಿ ಆರಂಭವಾದವು. ಸಂಸ್ಥಾ ಹೂಡಿಕೆದಾರರಿಗೆ ಶಾರ್ಟ್ ಸೆಲ್ಲಿಂಗ್ ಅವಕಾಶ ದೊರೆತದ್ದು 2008ರ ಏಪ್ರಿಲ್‌ನಲ್ಲಿ. ಎರವಲು ಪಡೆಯದೆ ಮಾಡುವ ಬರಿಗೈ ಮಾರಾಟಕ್ಕೆ ಸೆಬಿಯ 2024ರ ಜನವರಿಯ ಸುತ್ತೋಲೆಯೂ ಅನುಮತಿ ನೀಡಿಲ್ಲ.

ನಾಲ್ಕು ಶತಮಾನಗಳ ಅಂತರದ ಈ ಪ್ರಸಂಗಗಳಲ್ಲಿ ಆಜ್ಞೆಯ ಗುರಿ ಇಲ್ಲದ್ದನ್ನು ಮಾರುವವನೇ ಆಗಿದ್ದರೂ, ಅದರ ಭಾರ ಬೆಲೆಕುಸಿತದಿಂದ ರಕ್ಷಣೆ ಬಯಸಿದವನ ಮೇಲೂ ಬಿದ್ದಿದೆ. ಆಮ್‌ಸ್ಟರ್‌ಡ್ಯಾಮಿನ ಅನುಭವ ಒಂದು ನುಡಿಗಟ್ಟಾಗಿ ಉಳಿದಿದೆ. ಮುಂಬಯಿಯ ಹತ್ತಿ ಪೇಟೆಯಲ್ಲಿ ಆಪ್ಷನ್‌ಗಿದ್ದ ‘ತೇಜಿ-ಮಂದಿ’ ಎಂಬ ಹೆಸರೂ ನಿಷೇಧದ ಕಾಲವನ್ನು ದಾಟಿ ಬಂದದ್ದು. ನಮ್ಮ ಪೇಟೆಗಳ ಇಂಥ ಮಾತುಗಳನ್ನು ಅವುಗಳ ಸಂದರ್ಭಸಹಿತ ಸಂಗ್ರಹಿಸುವ ಕಾರ್ಯ ಜಾನಪದ ವಿದ್ವಾಂಸರಿಂದ ಆಗಬೇಕಾಗಿದೆ.