ಮಂಜಿನ ಬೆಟ್ಟದಲ್ಲಿ ಒಂದು ಬೆಳಗು

ಚಳಿಗಾಲದಲ್ಲಿ ಎರಡು ದಿನ ಬಿಡುವು ದೊರೆತರೆ ಮೈಸೂರು ಸೀಮೆಯವರಿಗೆ ಕಡಲ ತೀರದ ನೆನಪಾಗುತ್ತದೆ. ನಮ್ಮ ನಾಲ್ವರಿಗೂ ಹಾಗೆಯೇ ಆಯಿತು. ಮಲ್ಪೆಯೋ ಗೋಕರ್ಣವೋ ಎಂದು ಹದಿನೈದು ದಿನ ದೂರವಾಣಿಯಲ್ಲಿ ಚರ್ಚೆ ನಡೆಯಿತು. ಮರಳಿನ ಮೇಲೆ ಬರಿಗಾಲಿನಲ್ಲಿ ನಡೆಯುವ ಸುಖವನ್ನು ಬ್ಯಾಂಕಿನ ಮಿತ್ರ ಎಷ್ಟು ಚೆನ್ನಾಗಿ ವರ್ಣಿಸಿದನೆಂದರೆ, ಹೊರಡುವ ಅವಶ್ಯಕತೆಯೇ ಇಲ್ಲವೆನ್ನಿಸಿತು. ಕೊನೆಗೆ ಗುಂಡ್ಲುಪೇಟೆಯ ಬಳಿ ಬೇಸಾಯ ಮಾಡಿಕೊಂಡಿರುವ ಮಿತ್ರ, "ಕಡಲಿಗೆ ಅಷ್ಟು ದೂರ ಏಕೆ ಹೋಗಬೇಕಯ್ಯಾ? ಧನುರ್ಮಾಸದಲ್ಲಿ ನಮ್ಮ ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತರೆ ಕಾಣುವುದೆಲ್ಲ ಕಡಲೇ. ಮೀನು ಮಾತ್ರ ಇಲ್ಲ," ಎಂದು ವಾದಕ್ಕೆ ಮಂಗಳ ಹಾಡಿದ.

ನಾವು ನಾಲ್ವರೂ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದಿದವರು. ಒಬ್ಬ ಬ್ಯಾಂಕು ಸೇರಿದ, ಒಬ್ಬ ಹೊಲಕ್ಕೆ ಮರಳಿದ, ಒಬ್ಬ ತಾಳೆಗರಿಗಳ ನಡುವೆ ಗ್ರಂಥಸಂಪಾದನೆಗೆ ಕುಳಿತ, ನಾನು ಪಾಠ ಹೇಳುತ್ತ ಉಳಿದೆ. ಈ ಗ್ರಂಥಸಂಪಾದಕ ಮಿತ್ರನಿಗೂ ನನಗೂ ಒಂದು ವರ್ಷದಿಂದ ಮಾತು ಅಷ್ಟಕ್ಕಷ್ಟೆ ಆಗಿತ್ತೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಪ್ರಬಂಧಗಳ ಹಸ್ತಪ್ರತಿಯನ್ನು ಮುನ್ನುಡಿಗೆಂದು ಅವನಿಗೆ ಕಳುಹಿಸಿದ್ದೆ. ಎಂಟು ತಿಂಗಳು ಇಟ್ಟುಕೊಂಡು, ಒಂದು ಸಾಲೂ ಬರೆಯದೆ ಹಿಂದಿರುಗಿಸಿದ. ಕಾರಣ ಕೇಳಲು ನನ್ನ ಅಭಿಮಾನ ಬಿಡಲಿಲ್ಲ. ಹೇಳಲು ಅವನೂ ಬಾಯಿ ತೆರೆಯಲಿಲ್ಲ. ನಮ್ಮಿಬ್ಬರನ್ನೂ ಒಂದೇ ದಾರಿಯಲ್ಲಿ ನಡೆಸಬೇಕೆಂಬುದೇ ಬೇಸಾಯಗಾರ ಮಿತ್ರನ ಹಂಚಿಕೆಯಾಗಿತ್ತೆಂದು ನನಗೆ ಆಮೇಲೆ ತಿಳಿಯಿತು.

ಗುಂಡ್ಲುಪೇಟೆಯಿಂದ ಊಟಿಯ ದಾರಿಯಲ್ಲಿ ಸಿಗುವ ಊರು ಹಂಗಳ. ಬೆಟ್ಟದ ರಸ್ತೆ ಅಲ್ಲಿಂದ ಬಲಕ್ಕೆ ತಿರುಗುತ್ತದೆ. ಖಾಸಗಿ ವಾಹನಗಳನ್ನು ಈಗ ಬೆಟ್ಟಕ್ಕೆ ಬಿಡುವುದಿಲ್ಲ. ಬುಡದಲ್ಲಿರುವ ಅರಣ್ಯ ಇಲಾಖೆಯ ಠಾಣೆಯಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿಯೇ ಮೇಲೇರಬೇಕು. ಬುಡದವರೆಗಿನ ದಾರಿ ಮಾತ್ರ ಹೊಲಗಳ ನಡುವಿನದು. ಅದನ್ನು ನಡೆದೇ ಸಾಗುವುದೆಂದು ನಿಶ್ಚಯಿಸಿ, ಬಿಸಿಲು ಮೂಡುವ ಹೊತ್ತಿಗೆ ಹಂಗಳದಿಂದ ಹೊರಟೆವು.

ಈ ಸೀಮೆಯ ಹೊಲಗಳ ಚೆಲುವನ್ನು ನೋಡಬೇಕೆನ್ನುವವರು ಮಳೆಗಾಲದಲ್ಲಿ, ಚೆಂಡುಹೂವೂ ಸೂರ್ಯಕಾಂತಿಯೂ ಅರಳಿದಾಗ ಬರುತ್ತಾರೆ. ಚಳಿಗಾಲದ ಸೊಗಸು ಬೇರೆ. ರಾಗಿಯ ಮೆದೆಗಳು, ಅರಿಸಿನದ ಪಾತಿಗಳು, ಅವರೆ ಹೂವಿನ ಕಂಪು. ರಸ್ತೆಯ ಮೇಲೆಯೇ ಹುರುಳಿಯನ್ನು ಹರಡಿ, ಹೋಗಿಬರುವ ವಾಹನಗಳಿಂದ ಒಕ್ಕಣೆ ಮಾಡಿಸುವ ರೈತರ ಜಾಣ್ಮೆಯನ್ನು ಬ್ಯಾಂಕಿನ ಮಿತ್ರ ಬಹುವಾಗಿ ಮೆಚ್ಚಿದ. ಬಂಡವಾಳವಿಲ್ಲದ ಉದ್ಯಮವೆಂದರೆ ಇದೇ ಎಂಬುದು ಅವನ ಅಭಿಪ್ರಾಯ. ಹೊಲದ ಅಂಚಿನಲ್ಲಿ ಅಟ್ಟಣೆಗಳಿದ್ದವು, ಕಾಡಿನ ಕಡೆಗೆ ಆನೆ ಕಂದಕವಿತ್ತು. ರಾತ್ರಿ ಕಾವಲು ಮುಗಿಸಿ ಕಂಬಳಿ ಹೊದ್ದು ಬರುತ್ತಿದ್ದ ಮುದುಕನೊಬ್ಬ, "ಮಂಜು ಇಳ್ದದ ಕನ ಬುದ್ದಿ, ಹುಷಾರಾಗಿ ಹೋಗಿ," ಎಂದು ಎಚ್ಚರಿಸಿದ.

ಗ್ರಂಥಸಂಪಾದಕ ಮಿತ್ರ ಬೇಸಾಯಗಾರನ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದ. ಹಳೆಯ ಸಲುಗೆಯೆಂದು ನಾನು ಭಾವಿಸಿದೆ. ಒಂದಿಷ್ಟು ಅಸೂಯೆಯನ್ನೂ ಪಟ್ಟೆನೆನ್ನಬೇಕು. ಒಂದು ಕಡೆ ಆತ ಹುರುಳಿಯ ರಾಶಿಗೇ ಕಾಲಿಟ್ಟು ಎಡವಿದ. "ತಾಳೆಗರಿಯಲ್ಲದೆ ಬೇರೇನೂ ಕಣ್ಣಿಗೆ ಬೀಳದೇನಯ್ಯಾ?" ಎಂದೆ. ನನ್ನ ಮಾತಿನಲ್ಲಿ ವಿನೋದಕ್ಕಿಂತ ಮುಳ್ಳೇ ಹೆಚ್ಚಾಗಿತ್ತು. ಆತ ನಕ್ಕು ಸುಮ್ಮನಾದ. ಬೇಸಾಯಗಾರ ನನ್ನ ಮುಖವನ್ನೊಮ್ಮೆ ನೋಡಿದ.

ಆ ಮೌನವನ್ನು ಮುರಿಯಲೆಂದೋ ಏನೋ, ಸಂಪಾದಕ ಮಿತ್ರನೇ ಹಂಗಳದ ಕಥೆಯನ್ನು ತೆಗೆದ. ಚಿಕ್ಕದೇವರಾಜ ಒಡೆಯರು 1673ರಲ್ಲಿ ಮೈಸೂರಿನ ಪಟ್ಟವೇರುವ ಮೊದಲು ಈ ಹಂಗಳದಲ್ಲಿಯೇ ಸೆರೆಯಲ್ಲಿದ್ದರೆಂದು ಚರಿತ್ರಕಾರರು ಹೇಳುತ್ತಾರೆ. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ ಆ ಸೆರೆಯ ಸಂಗಾತಿ. ಮುಂದೆ ರಾಜನಾದಾಗ ಆತನನ್ನೇ ಮಂತ್ರಿಯಾಗಿ ನೇಮಿಸಿಕೊಂಡರು. ಗುಂಡ್ಲುಪೇಟೆಯಲ್ಲಿ ತಂದೆಯ ನೆನಪಿಗಾಗಿ ಪರವಾಸುದೇವನ ಗುಡಿಯನ್ನು ಕಟ್ಟಿಸಿದರು. ತಿರುಮಲಾರ್ಯ, ಚಿಕುಪಾಧ್ಯಾಯ, ಸಂಚಿ ಹೊನ್ನಮ್ಮ ಮೊದಲಾದವರಿಂದ ಕನ್ನಡ ಬೆಳಗಿದ್ದು ಆ ಆಳ್ವಿಕೆಯಲ್ಲಿ. ನಾನು ತರಗತಿಯಲ್ಲಿ ವರ್ಷವರ್ಷವೂ ಒಪ್ಪಿಸುವ ಪಾಠವೇ ಇದು. ಆದರೆ ಆತ, "ಪಟ್ಟ ಬಂದ ಮೇಲೆ ಗೆಳೆಯರು ಸಿಗುವುದೇನು ಆಶ್ಚರ್ಯ? ಸೆರೆಯಲ್ಲಿದ್ದಾಗ ಸಿಕ್ಕನಲ್ಲ, ಅದು ಭಾಗ್ಯ," ಎಂದಾಗ, ಮಾತಿನ ತೂಕ ಪಾಠದ್ದಲ್ಲವೆನ್ನಿಸಿತು.

ಬೆಟ್ಟದ ಬುಡದಲ್ಲಿ ಬೇಸಾಯಗಾರನ ಮನೆಯಿಂದ ಬಂದ ಬುತ್ತಿ ಬಿಚ್ಚಿದೆವು. ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಆ ಚಳಿಯಲ್ಲಿ ಅದರ ರುಚಿಯನ್ನು ವರ್ಣಿಸಹೊರಟರೆ ಲೇಖನ ಬೆಟ್ಟವನ್ನು ಏರುವುದೇ ಇಲ್ಲ. ಬಸ್ಸು ಹತ್ತಿದೆವು. ಒಂದೊಂದು ತಿರುವಿಗೂ ಮಂಜು ದಟ್ಟವಾಗುತ್ತ ಹೋಯಿತು.

1,454 ಮೀಟರ್ ಎತ್ತರದ ಈ ಶಿಖರ ಬಂಡೀಪುರದ ಕಾಡಿಗೆಲ್ಲ ಎತ್ತರವಾದುದು. ವೇಣುಗೋಪಾಲನ ಗುಡಿ ಹೊಯ್ಸಳ ಬಲ್ಲಾಳನ ಕಾಲದ್ದು, 1315ರಲ್ಲಿ ಆದುದು ಎಂದು ಹೇಳುತ್ತಾರೆ. ಮುಂದೆ ಮೈಸೂರಿನ ಅರಸರೂ ಇದಕ್ಕೆ ನಡೆದುಕೊಂಡರು. ಒಳಗೆ ಮರದಡಿಯಲ್ಲಿ ಕೊಳಲೂದುವ ಗೋಪಾಲ. ಗರ್ಭಗುಡಿಯ ಬಾಗಿಲ ಮೇಲಿನ ಕಲ್ಲಿನಿಂದ ಹನಿಯುವ ನೀರನ್ನು ತೀರ್ಥವೆಂದು ಪ್ರೋಕ್ಷಿಸುತ್ತಾರೆ. ತೇವ ತುಂಬಿದ ಗಾಳಿ ತಣ್ಣನೆಯ ಕಲ್ಲನ್ನು ತಾಕಿ ಹನಿಯಾಗುತ್ತದೆಂದು ವಿಜ್ಞಾನ ಹೇಳುತ್ತದೆ. ಎರಡೂ ನಿಜವಾಗಿರಲು ನಮಗಾವ ಅಡ್ಡಿಯೂ ಕಾಣಲಿಲ್ಲ; ನಾಲ್ವರೂ ತಲೆಯೊಡ್ಡಿದೆವು. ಇಲ್ಲಿಯ ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತಂತೆ. ಆದ್ದರಿಂದಲೇ ಬೆಟ್ಟದ ಮೇಲೆ ಕಾಗೆಗಳಿಲ್ಲವಂತೆ.

ಹೊರಗೆ ಬಂದು ನಿಂತರೆ ಹತ್ತು ಅಡಿ ಆಚೆಗೆ ಏನೂ ಇಲ್ಲ. ಗುಡಿಯ ಗೋಪುರವೂ ಅಳಿಸಿಹೋಗಿತ್ತು. "ಇಷ್ಟು ದೂರ ಬಂದೂ ಏನೂ ಕಾಣಲಿಲ್ಲವಲ್ಲ," ಎಂದು ಬ್ಯಾಂಕಿನ ಮಿತ್ರ ಗೊಣಗಿದ.

"ಸಂಜೆ ಆರರ ಮೇಲೆ ನನಗೆ ದಿನವೂ ಇಷ್ಟೇ ಕಾಣುವುದು," ಎಂದ ಸಂಪಾದಕ.

ನಾವು ಮಾತಾಡಲಿಲ್ಲ. ಆತನೇ ನಿಧಾನವಾಗಿ ಹೇಳಿದ. ಅಕ್ಷಿಪಟಲದ ಬೇನೆ. ಮೊದಲು ಇರುಳುಗುರುಡಾಯಿತು, ಆಮೇಲೆ ನೋಟ ಸುತ್ತಲಿಂದ ಮುಚ್ಚುತ್ತ ಬಂತು. ಈಗ ಬಿದಿರಿನ ಕೊಳವೆಯಲ್ಲಿ ಇಣುಕಿದಂತೆ ನಡುವೆ ಮಾತ್ರ ಸ್ವಲ್ಪ ಉಳಿದಿದೆ. ಒಂದು ಸಾಲು ಮುಗಿಸಿ ಮುಂದಿನ ಸಾಲನ್ನು ಹುಡುಕುವುದೇ ಕಷ್ಟ. ತನಗೆ ಔಷಧವಿಲ್ಲವೆಂದು ವೈದ್ಯರು ಹೇಳಿದ್ದಾರೆ.

"ನಿನ್ನ ಪುಸ್ತಕವನ್ನು ಮೂರು ಸಲ ತೆಗೆದೆ ಕಣಯ್ಯಾ. ಮೂವತ್ತು ಪುಟ ದಾಟಲಾಗಲಿಲ್ಲ. ಓದದೆ ಮುನ್ನುಡಿ ಬರೆಯುವುದು ನನ್ನಿಂದಾಗದು. ಹಸ್ತಪ್ರತಿ ಓದುವವನಿಗೇ ಕಣ್ಣಿಲ್ಲವೆಂದರೆ ಕೆಲಸದ ಗತಿಯೇನು ಎಂಬ ಅಂಜಿಕೆ ಬೇರೆ. ಇವನೊಬ್ಬನಿಗೆ ಹೇಳಿದ್ದೆ."

ನಾನು ಏನು ಹೇಳಿದೆನೆಂಬುದು ಈಗ ನೆನಪಿಲ್ಲ, ನೆನಪಿಡುವಂಥದೇನನ್ನೂ ಹೇಳಿರಲಾರೆ. ಒಂದು ವರ್ಷ ನಾನು ಸಾಕಿಕೊಂಡು ಬಂದ ಕೋಪ ಎಷ್ಟು ಅಲ್ಪವಾದುದೆಂಬುದು ಮಾತ್ರ ಆ ಮಂಜಿನಲ್ಲಿ ಸ್ಪಷ್ಟವಾಗಿ ಕಂಡಿತು. ಹುರುಳಿರಾಶಿಯ ಬಳಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. "ಅದು ನಿಜವಾದ ಮಾತೇ ತಾನೆ?" ಎಂದು ಆತ ಮತ್ತೆ ನಕ್ಕ.

ಅಷ್ಟರಲ್ಲಿ ಗಾಳಿ ತಿರುಗಿ ಮಂಜು ಹರಿಯಿತು. ಮೊದಲು ಹುಲ್ಲಿನ ಇಳಿಜಾರು, ಅದರ ಮಡಿಲಲ್ಲಿ ಶೋಲೆಯ ಕಪ್ಪು ಹಸಿರು, ಕೆಳಗೆ ಬಂಡೀಪುರದ ಕಾಡು. ಮೈಸೂರಿನ ಮಹಾರಾಜರು 1931ರಲ್ಲಿ ಇಲ್ಲಿ ವನ್ಯಧಾಮವನ್ನು ಏರ್ಪಡಿಸಿದಾಗ ಈ ವೇಣುಗೋಪಾಲನ ಹೆಸರನ್ನೇ ಅದಕ್ಕೆ ಇಟ್ಟರು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಬಂಡೀಪುರ ಅದಕ್ಕೆ ಸೇರಿತು. 2019ರ ಬೇಸಿಗೆಯ ಮೊದಲಲ್ಲಿ ಕಾಳ್ಗಿಚ್ಚು ಹಬ್ಬಿ ಈ ಬೆಟ್ಟದ ಮಗ್ಗುಲುಗಳೂ ಕರಿಯಾಗಿದ್ದವು. ಮಳೆ ಬಂದ ಮೇಲೆ ಹುಲ್ಲು ಮತ್ತೆ ಚಿಗುರಿತೆಂದು ಬೇಸಾಯಗಾರ ಹೇಳಿದ. "ಎಡಕ್ಕೇನಿದೆ? ಅದರಾಚೆಗೆ?" ಎಂದು ಸಂಪಾದಕ ಕೇಳುತ್ತ ಹೋದ. ನಾನು ಹೇಳುತ್ತ ಹೋದೆ. ಹೇಳಿದ ಕಡೆಗೆ ತನ್ನ ಕೊಳವೆಯ ನೋಟವನ್ನು ತಿರುಗಿಸಿ, ತುಂಡುತುಂಡಾಗಿ ಆತ ಇಡೀ ಕಾಡನ್ನು ಜೋಡಿಸಿಕೊಂಡ. ಪಾಠಾಂತರಗಳನ್ನು ಕೂಡಿಸಿ ಗ್ರಂಥವನ್ನು ನಿಲ್ಲಿಸುವ ಅವನ ಕ್ರಮವೇ ಅದು. ಐದು ನಿಮಿಷದಲ್ಲಿ ಮಂಜು ಮತ್ತೆ ಮುಚ್ಚಿತು.

ಇಳಿಯುವ ಬಸ್ಸಿನಲ್ಲಿ ಒಂದು ಒಪ್ಪಂದವಾಯಿತು. ತಾಳೆಗರಿಗಳ ಛಾಯಾಪ್ರತಿಗಳನ್ನು ಆತ ನನಗೆ ಕಳುಹಿಸುವುದು. ಭಾನುವಾರ ಬೆಳಿಗ್ಗೆ ದೂರವಾಣಿಯಲ್ಲಿ ನಾನು ಓದುವುದು. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕಚೇರಿಗೂ ಆತ ಈಗ ವಿಷಯ ತಿಳಿಸಿದ್ದಾನೆ.

ಐದು ಭಾನುವಾರಗಳು ಕಳೆದಿವೆ. ತಾಳೆಗರಿಯಲ್ಲಿ ಪದಗಳ ನಡುವೆ ಬಿಡುವಿಲ್ಲ. ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘದ ಭೇದವೂ ಕಾಣುವುದಿಲ್ಲ. ಎಂ.ಎ. ಪದವೀಧರನಾದ ನಾನು ಒಂದೊಂದು ಗರಿಗೂ ಹತ್ತು ಕಡೆ ಮುಗ್ಗರಿಸುತ್ತೇನೆ. ಮಾತ್ರೆ ತಪ್ಪಿದ ಕೂಡಲೇ ಆತ ಆ ತುದಿಯಿಂದ, "ಅಲ್ಲಿ ನಿಲ್ಲು. ಇನ್ನೊಂದು ಸಲ ಓದು," ಎನ್ನುತ್ತಾನೆ. ಓದುತ್ತೇನೆ. ತಪ್ಪು ನನ್ನದೇ ಆಗಿರುತ್ತದೆ.

ಗರಿ ಮುಗಿದ ಮೇಲೆ ನನ್ನ ಪ್ರಬಂಧಗಳಲ್ಲೊಂದನ್ನೂ ಓದಿಸಿಕೊಳ್ಳುತ್ತಾನೆ. ಮುನ್ನುಡಿ ಇನ್ನೂ ಬಂದಿಲ್ಲ. ನನಗೀಗ ಅವಸರವಿಲ್ಲ.