ಕಾಳಿ ದಂಡೆಯ ಗೋದಲಿ

ಡಿಸೆಂಬರ್ ಹೊತ್ತಿಗೆ ಕಾಳಿ ನದಿ ದಂಡೆಯ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದಿರುತ್ತದೆ. ಕಡವಾಡದಿಂದ ಅಂಕೋಲಾದವರೆಗೆ ಅಂಗಳಗಳಲ್ಲಿ ಹೊಸ ಹುಲ್ಲಿಗೆ ಬರವಿಲ್ಲ. ಕ್ರಿಸ್ತ ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಕ್ರಿಸ್ಮಸ್ಸಿನ ಗೋದಲಿ ಕಟ್ಟುವ ಕೆಲಸ ಶುರುವಾಗುವುದು ಈ ಹುಲ್ಲಿನಿಂದಲೇ. ನಾಲ್ಕು ಬಿದಿರಿನ ಗಳ, ಮೇಲೆ ಹುಲ್ಲಿನ ಹೊದಿಕೆ, ಹಿಂದೆ ಕಂದು ಬಣ್ಣ ಬಳಿದ ಕಾಗದವನ್ನು ಮುದುಡಿ ಮಾಡಿದ ಗುಡ್ಡ, ಮುಂದೆ ಒಂದಿಷ್ಟು ಮರಳು, ಕೆರೆಗೆ ಕನ್ನಡಿಯ ಚೂರು. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗಲೇ ಮಕ್ಕಳು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನೋ ಭತ್ತವನ್ನೋ ಬಿತ್ತುತ್ತಾರೆ. ಗೋದಲಿಯ ಮುಂದೆ ಹಸಿರು ಗದ್ದೆ ಬೇಕಲ್ಲ! ಮೊಳಕೆ ಎದ್ದಿತೇ ಎಂದು ದಿನಕ್ಕೆ ಹತ್ತು ಸಲ ಇಣುಕುವ ಮಗುವಿಗೆ ಕಾಯುವುದು ಏನೆಂದು ಬೇರೆ ಹೇಳಿಕೊಡಬೇಕಿಲ್ಲ.

ಆಮೇಲೆ ಮೂರ್ತಿಗಳ ಸರದಿ. ಮರಿಯಮ್ಮ, ಜೋಸೆಫ್, ಎತ್ತು, ಕತ್ತೆ, ಕುರುಬರು, ಕುರಿಗಳು. ಹುಲ್ಲಿನ ನಡುವೆ ಒಂದು ಜಾಗ ಮಾತ್ರ ಖಾಲಿ. ಕೂಸಿನ ಮೂರ್ತಿಯನ್ನು ಅಲ್ಲಿ ಮಲಗಿಸುವುದು 24ರ ರಾತ್ರಿಯ ಪೂಜೆಯ ಹೊತ್ತಿಗೆ. ಮೂವರು ರಾಜರನ್ನು ಮೊದಲು ದೂರದಲ್ಲಿ ಇಟ್ಟು, ದಿನವೂ ಸ್ವಲ್ಪ ಸ್ವಲ್ಪ ಮುಂದೆ ಸರಿಸಿ, ಜನವರಿ 6ಕ್ಕೆ ಗೋದಲಿ ಮುಟ್ಟಿಸುವ ರೂಢಿ ಕೆಲವು ಮನೆಗಳಲ್ಲಿದೆ. ಆ ಸರಿಸುವ ಹಕ್ಕು ಸಾಮಾನ್ಯವಾಗಿ ಮನೆಯ ಕಿರಿಯರದ್ದು.

ಈ ಗೋದಲಿಗೆ ಎಂಟು ನೂರು ವರ್ಷಗಳ ಚರಿತ್ರೆ ಇದೆ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಊರವರನ್ನು ಸೇರಿಸಿ, ಒಂದು ಗುಹೆಯಲ್ಲಿ ಹುಲ್ಲು ಹಾಸಿ, ಜೀವಂತ ಎತ್ತು ಮತ್ತು ಕತ್ತೆಯನ್ನು ಕಟ್ಟಿಸಿದ. ಮೂರ್ತಿಗಳ ಆಡಂಬರ ಇರಲಿಲ್ಲ. ದೇವರು ಎಂಥ ಬಡತನದಲ್ಲಿ ಹುಟ್ಟಿದ ಎಂಬುದನ್ನು ಕಣ್ಣಾರೆ ಕಾಣಬೇಕು ಎಂಬುದಷ್ಟೇ ಅವನ ಆಸೆ. ಇದಕ್ಕೆ ನಾಲ್ಕು ವರ್ಷ ಮೊದಲು ಅದೇ ಫ್ರಾನ್ಸಿಸ್ ಮಾಡಿದ ಇನ್ನೊಂದು ಕೆಲಸವನ್ನೂ ಮಕ್ಕಳಿಗೆ ಹೇಳಬೇಕು. 1219ರಲ್ಲಿ ಐದನೆಯ ಧರ್ಮಯುದ್ಧ ನಡೆಯುತ್ತಿದ್ದಾಗ, ಈಜಿಪ್ಟಿನ ದಮಿಯೆಟ್ಟಾದ ಬಳಿ ಕ್ರೈಸ್ತ ಸೇನೆಯ ಬಿಡಾರದಿಂದ ಹೊರಟು, ಕೈಯಲ್ಲಿ ಆಯುಧವಿಲ್ಲದೆ, ಎದುರಾಳಿ ಸುಲ್ತಾನ ಅಲ್ ಕಾಮಿಲನ ಬಿಡಾರಕ್ಕೆ ಹೋಗಿ ಮಾತಾಡಿ ಬಂದವನು ಆತ. ಸುಲ್ತಾನ ಅವನನ್ನು ಗೌರವದಿಂದಲೇ ಕಳಿಸಿಕೊಟ್ಟ. ಯುದ್ಧ ನಿಲ್ಲಲಿಲ್ಲ, ನಿಜ. ಆದರೆ ಶತ್ರುವಿನ ಬಿಡಾರದಲ್ಲಿ ಕುಳಿತು ಮಾತಾಡಿ ಬಂದವನೇ ಮುಂದೆ ಗೋದಲಿ ಕಟ್ಟಿದ ಎಂಬುದು ನನಗೆ ಬಹಳ ದೊಡ್ಡ ಸಂಗತಿ. ಗೋದಲಿಯನ್ನು ಶಾಂತಿಯ ಪಾಠವೆಂದು ಕರೆಯಲು ಬೇರೆ ಆಧಾರ ಹುಡುಕಬೇಕಿಲ್ಲ.

ಫ್ರಾನ್ಸಿಸನ ಪಂಥದ ಸನ್ಯಾಸಿಗಳು 1517ರಲ್ಲಿ ಗೋವೆಗೆ ಬಂದರು. ಮೂವರು ರಾಜರ ಹೆಸರಿನ ರೈಸ್ ಮಾಗೋಸ್ ಇಗರ್ಜಿಯನ್ನು ಮಾಂಡವಿಯ ದಂಡೆಯಲ್ಲಿ 1555ರಲ್ಲಿ ಕಟ್ಟಿದವರೂ ಅವರೇ. ಗೋವೆಯಿಂದ ದಕ್ಷಿಣಕ್ಕೆ ಬಂದು ನೆಲೆಸಿದ ಕೊಂಕಣಿ ಕುಟುಂಬಗಳ ಜೊತೆ ಹಬ್ಬದ ರೂಢಿಗಳೂ ಕಾಳಿ ದಾಟಿದವು. ಈಗಿನ ಕಾರವಾರ ಪಟ್ಟಣ ಬೆಳೆಯುವ ಮೊದಲು ಹೆಸರುವಾಸಿಯಾಗಿದ್ದ ವ್ಯಾಪಾರದ ಊರು ಕಡವಾಡ. ಹೊರಗಿನವರು ಬಂದು ಹೋಗುವುದು ಇಲ್ಲಿಗೆ ಹೊಸತಲ್ಲ. 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ ಆಯಿತು. ಇಡೀ ಉತ್ತರ ಕನ್ನಡ ಜಿಲ್ಲೆ ಅದರೊಳಗಿದೆ. ಕರಾವಳಿಯ ಕೊಂಕಣಿಗರೂ ಹಳಿಯಾಳ, ಯಲ್ಲಾಪುರ ಕಾಡಿನ ಸಿದ್ದಿ ಕ್ರೈಸ್ತರೂ ಒಂದೇ ಪ್ರಾಂತದವರು. ಸಿದ್ದಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಹಬ್ಬದಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದಕ್ಕೆ ಅವರಿಗೆ ಯಾರ ಉಪದೇಶವೂ ಬೇಕಾಗಿಲ್ಲ.

ಇನ್ನು ಕಥೆಗೆ ಬರೋಣ. ಮಕ್ಕಳಿಗೆ ಗೋದಲಿಯ ಕಥೆ ಹೇಳುವಾಗ ನಾವು ದೊಡ್ಡವರು ಅದನ್ನು ಬಹಳ ಮೆತ್ತಗೆ ಮಾಡಿಬಿಡುತ್ತೇವೆ. ಹೊಳೆಯುವ ನಕ್ಷತ್ರ, ಮುದ್ದು ಕೂಸು, ಕುರಿಮರಿ, ದೇವದೂತರ ಹಾಡು, ಮುಗಿಯಿತು. ಮುಚ್ಚಿದ ಬಾಗಿಲು, ಕೊಲ್ಲಲು ಹೊರಟ ರಾಜ, ರಾತ್ರೋರಾತ್ರಿ ಊರು ಬಿಟ್ಟ ತಂದೆ ತಾಯಿ, ಇವೆಲ್ಲ ಬಿಟ್ಟುಹೋಗುತ್ತವೆ. ಇವನ್ನು ಬಿಟ್ಟರೆ ಉಳಿಯುವುದು ಅಲಂಕಾರ ಮಾತ್ರ. ಶಾಂತಿಯ ಪಾಠ ಇರುವುದು ಆ ಬಿಟ್ಟುಹೋದ ಭಾಗದಲ್ಲಿ.

ಲೂಕನ ಸುವಾರ್ತೆಯಲ್ಲಿ ಕ್ರಿಸ್ತಜನನದ ಕಥೆ ಶುರುವಾಗುವುದು ರೋಮಿನ ಚಕ್ರವರ್ತಿ ಅಗಸ್ಟಸನ ಜನಗಣತಿಯ ಆಜ್ಞೆಯಿಂದ. ಆ ಚಕ್ರವರ್ತಿ ತಾನು ಲೋಕಕ್ಕೆ ಶಾಂತಿ ತಂದವನೆಂದು ಹೇಳಿಕೊಂಡವನು. ರೋಮಿನಲ್ಲಿ ಶಾಂತಿಯ ಹೆಸರಿನದೇ ಒಂದು ಬಲಿಪೀಠ ಅವನ ಕಾಲದ್ದು, ಇಂದಿಗೂ ಇದೆ. ಅದು ಸೈನ್ಯದ ಬಲದಿಂದ ಬಂದ ಶಾಂತಿ. ಅದೇ ರಾಜ್ಯದ ಒಂದು ಮೂಲೆಯಲ್ಲಿ, ತಂಗಲು ಜಾಗ ಸಿಗದ ತಾಯಿ ದನಗಳ ಮೇವಿನ ತೊಟ್ಟಿಯಲ್ಲಿ ಕೂಸನ್ನು ಮಲಗಿಸುತ್ತಾಳೆ. ದೇವದೂತರು ಶಾಂತಿಯ ಸುದ್ದಿ ಹೇಳುವುದು ಅರಮನೆಗಲ್ಲ, ರಾತ್ರಿ ಹೊಲದಲ್ಲಿ ಮಂದೆ ಕಾಯುವವರಿಗೆ. ಕಾರವಾರದ ಮಕ್ಕಳು ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಒಳಹೊಕ್ಕು ನೋಡಿ ಬಂದವರು. ಕಾವಲಿನಿಂದ ಬರುವ ಶಾಂತಿ ಅವರಿಗೆ ಗೊತ್ತು, ಅದರ ಅಗತ್ಯವೂ ಗೊತ್ತು. ಬಾಗಿಲು ತೆರೆಯುವುದರಿಂದ ಬರುವ ಇನ್ನೊಂದು ಶಾಂತಿಯ ಬಗ್ಗೆ ಹೇಳುತ್ತದೆ ಗೋದಲಿ.

ಬಾಗಿಲು ಮುಚ್ಚಿಸಿಕೊಂಡವರ ಕಥೆ ಈ ಭಾಗದ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ನಿರಾಶ್ರಿತರು ಎಂಬುದು ಇಲ್ಲಿ ಪತ್ರಿಕೆಯಲ್ಲಿ ಓದುವ ಶಬ್ದವಲ್ಲ, ಮನೆಮಾತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರದಿಂದ ಅಂಕೋಲಾದವರೆಗಿನ ಕಡಲಂಚಿನ ಹಳ್ಳಿಗಳು ಎದ್ದುಹೋದವು. ಕಾಳಿಯ ಅಣೆಕಟ್ಟುಗಳಿಗಾಗಿ, ಕೈಗಾ ಅಣುಸ್ಥಾವರಕ್ಕಾಗಿ ಇನ್ನಷ್ಟು ಜನ ಊರು ಬಿಟ್ಟರು. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿತು, ಜನ ಕಾಳಜಿ ಕೇಂದ್ರಗಳಲ್ಲಿ ರಾತ್ರಿ ಕಳೆದರು. ಅಜ್ಜನ ಮನೆ ಇದ್ದ ಜಾಗ ಬೇಲಿಯಾಚೆ ಎಂದು ಕೇಳಿ ಬೆಳೆದ ಮಗುವಿಗೆ, ನೆರೆ ಬಂದಾಗ ಶಾಲೆಯ ಕೋಣೆಯಲ್ಲಿ ಮಲಗಿದ ಮಗುವಿಗೆ, ಬೆತ್ಲೆಹೇಮಿನಲ್ಲಿ ಜಾಗ ಸಿಗದವರು ಅಪರಿಚಿತರಲ್ಲ. ನಮ್ಮ ಮನೆ ಬಾಗಿಲಿಗೆ ಅವರು ಬಂದಿದ್ದರೆ ಏನು ಮಾಡುತ್ತಿದ್ದೆವು? ಈ ಒಂದು ಪ್ರಶ್ನೆ ಕೇಳಿ ಶಿಕ್ಷಕರು ಸುಮ್ಮನೆ ಕೂತರೆ ಸಾಕು, ತರಗತಿ ತಾನೇ ಮುಂದುವರಿಯುತ್ತದೆ.

ಹೆರೋದನ ಭಾಗ ಹೇಳಲು ಹಲವರು ಹಿಂಜರಿಯುತ್ತಾರೆ. ಕೂಸುಗಳನ್ನು ಕೊಲ್ಲಿಸಿದ ರಾಜನ ಸುದ್ದಿ ಎಳೆಯರಿಗೆ ಏಕೆ ಎನ್ನುತ್ತಾರೆ. ಆದರೆ ನಮ್ಮ ಮಕ್ಕಳು ಕಂಸನ ಕಥೆ ಕೇಳಿಯೇ ಬೆಳೆಯುತ್ತಾರೆ. ಮಳೆಯ ರಾತ್ರಿ ಬುಟ್ಟಿಯಲ್ಲಿ ಕೃಷ್ಣನನ್ನು ಹೊತ್ತು ಯಮುನೆ ದಾಟಿದ ವಸುದೇವನನ್ನು ಬಲ್ಲ ಮಗುವಿಗೆ, ಕತ್ತೆಯ ಮೇಲೆ ತಾಯಿ ಮಗುವನ್ನು ಕೂರಿಸಿಕೊಂಡು ಈಜಿಪ್ಟಿಗೆ ಹೊರಟ ಜೋಸೆಫ್ ತಕ್ಷಣ ಗೊತ್ತಾಗುತ್ತಾನೆ. ಎರಡು ಕಡೆಯೂ ರಾಜನಿಗೆ ಕೂಸಿನ ಭಯ. ಗೋದಲಿಯ ಆ ಮೂವರು ರಾಜರು, ಅಂದರೆ ಜ್ಞಾನಿಗಳು, ಹೆರೋದನಿಗೆ ಸುದ್ದಿ ಕೊಡದೆ ಬೇರೆ ದಾರಿ ಹಿಡಿದು ಊರಿಗೆ ಮರಳಿದರು ಎಂಬುದನ್ನು ನಾನಂತೂ ಒತ್ತಿ ಹೇಳಬೇಕೆನ್ನುತ್ತೇನೆ. ಶಾಂತಿ ಎಂದರೆ ಅನ್ಯಾಯದ ಎದುರು ಬಾಯಿ ಮುಚ್ಚಿ ಕೂರುವುದು ಎಂದು ಮಕ್ಕಳು ತಿಳಿಯಬಾರದು. ಇದಕ್ಕೆ ಅಂಕೋಲಾಕ್ಕಿಂತ ಹತ್ತಿರದ ಉದಾಹರಣೆ ಬೇಕೆ? 1930ರಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿ ಉಪ್ಪಿನ ಕಾಯ್ದೆ ಮುರಿದರು. ಮುಂದೆ ಕರನಿರಾಕರಣೆಯಲ್ಲಿ ರೈತರು ಜಮೀನು ಕಳೆದುಕೊಂಡರು, ಆದರೂ ಸರ್ಕಾರದ ಮೇಲೆ ಕೈ ಎತ್ತಲಿಲ್ಲ. ಆಜ್ಞೆಗೆ ಮಣಿಯದೆ, ಆಯುಧವನ್ನೂ ಹಿಡಿಯದೆ ನಡೆದ ಜನ ಈ ನೆಲದಲ್ಲೇ ಇದ್ದರು.

ಮುಸ್ಲಿಂ ಮಕ್ಕಳಿಗೂ ಈ ಕಥೆಯಲ್ಲಿ ಪಾಲಿದೆ. ಕುರಾನಿನ 19ನೆಯ ಅಧ್ಯಾಯದ ಹೆಸರೇ ಮರ್ಯಮ್. ಖರ್ಜೂರದ ಮರದ ಬುಡದಲ್ಲಿ ಒಂಟಿಯಾಗಿ ಹೆರಿಗೆಯ ನೋವು ಪಟ್ಟ ತಾಯಿಯ ಚಿತ್ರ ಅಲ್ಲಿದೆ. 1993ರಲ್ಲಿ ಭಟ್ಕಳ ಕೋಮುಗಲಭೆಯಲ್ಲಿ ತಿಂಗಳುಗಟ್ಟಲೆ ಉರಿದದ್ದನ್ನು ಕಂಡ ಜಿಲ್ಲೆ ನಮ್ಮದು. ಮೂರು ಧರ್ಮದ ಮನೆಗಳ ಮಕ್ಕಳು ಒಂದೇ ತಾಯಿ ಮಗುವಿನ ಕಥೆಯನ್ನು ತಮ್ಮ ತಮ್ಮ ಮನೆಯಲ್ಲಿ ಕೇಳಿದ ಹಾಗೆ ಹೇಳುವುದಕ್ಕೆ ಒಂದು ಜಾಗ ಇರುವುದು ಇಂಥ ಜಿಲ್ಲೆಯಲ್ಲಿ ಸಣ್ಣ ಮಾತಲ್ಲ.

ಪಾಠ ಹೇಳುವ ರೀತಿಯ ಬಗ್ಗೆ ಒಂದೆರಡು ಮಾತು. ದೊಡ್ಡ ಗೋದಲಿ ಬೇಕಿಲ್ಲ. ಸ್ಪರ್ಧೆಯ ಗೋದಲಿಗಳಲ್ಲಿ ಕಾರಂಜಿ, ತಿರುಗುವ ಚಕ್ರ, ಸೀರಿಯಲ್ ಲೈಟಿನ ಸಾಲುಗಳು ಬಂದ ಮೇಲೆ ಕಟ್ಟುವ ಕೆಲಸ ದೊಡ್ಡವರ ಕೈಗೆ ಹೋಗಿದೆ, ಮಕ್ಕಳು ನೋಡುವವರಾಗಿದ್ದಾರೆ. ಇದು ನಷ್ಟ. ಭಾನುವಾರದ ದೊತೊರ್ನ್ (ಧರ್ಮಶಿಕ್ಷಣ) ತರಗತಿಯಲ್ಲಾಗಲಿ ಶಾಲೆಯಲ್ಲಾಗಲಿ ಮಕ್ಕಳೇ ಜೇಡಿಮಣ್ಣಿನಲ್ಲಿ ಮೂರ್ತಿ ಮಾಡಲಿ. ಗೋದಲಿಯಲ್ಲಿ ಬೆತ್ಲೆಹೇಮಿನವರ ಜೊತೆ ಊರಿನವರೂ ಇರಲಿ: ಮೀನಿನ ಬುಟ್ಟಿ ಹೊತ್ತ ಹೆಂಗಸು, ದೋಣಿ ನಡೆಸುವವ, ಹಾಲಕ್ಕಿ ಸಮುದಾಯದ ಅಜ್ಜಿ, ಬೇರೆ ರಾಜ್ಯದಿಂದ ಕೂಲಿಗೆ ಬಂದ ಕಾರ್ಮಿಕ. ಇಟಲಿಯ ನೇಪಲ್ಸ್‌ನಲ್ಲಿ ಬ್ರೆಡ್ ಮಾರುವವನೂ ಮೀನು ಮಾರುವವನೂ ಗೋದಲಿಯಲ್ಲಿ ನಿಂತು ಶತಮಾನಗಳೇ ಆದವು. ನಾಟಕ ಆಡಿಸುವುದಾದರೆ ಛತ್ರದವನ ಪಾತ್ರವನ್ನು ಸರದಿಯಂತೆ ಎಲ್ಲ ಮಕ್ಕಳಿಗೂ ಕೊಡಿ. ಜಾಗ ಇಲ್ಲ ಎಂದು ಹೇಳುವುದು ಎಷ್ಟು ಸುಲಭ, ಹೇಳಿದ ಮೇಲೆ ಎಷ್ಟು ಕಷ್ಟ ಎಂಬುದು ಅವರವರಿಗೇ ತಿಳಿಯಲಿ.

ದೊಡ್ಡ ಲೋಕದ ಸುದ್ದಿಯನ್ನೂ ಮುಚ್ಚಿಡಬೇಡಿ. 2023ರಲ್ಲಿ ಗಾಜಾದ ಯುದ್ಧದಿಂದಾಗಿ ಬೆತ್ಲೆಹೇಮಿನಲ್ಲೇ ಕ್ರಿಸ್ಮಸ್ ಸಂಭ್ರಮ ರದ್ದಾಯಿತು. ಅಲ್ಲಿನ ಲೂಥರನ್ ಚರ್ಚಿನವರು ಆ ವರ್ಷ ಹುಲ್ಲಿನ ಬದಲು ಒಡೆದ ಕಲ್ಲು ಕಾಂಕ್ರೀಟಿನ ರಾಶಿಯ ನಡುವೆ ಕೂಸನ್ನು ಮಲಗಿಸಿದರು. ಹತ್ತು ವರ್ಷ ದಾಟಿದ ಮಕ್ಕಳಿಗೆ ಆ ಚಿತ್ರ ತೋರಿಸಿ, ಅವರ ಪ್ರಶ್ನೆಗಳಿಗೆ ಗೊತ್ತಿದ್ದಷ್ಟು ಉತ್ತರ ಕೊಡಿ.

ಗೋದಲಿ ಕ್ರಿಸ್ಮಸ್ ರಾತ್ರಿಯಿಂದ ಸಾಮಾನ್ಯವಾಗಿ ಜನವರಿ 6ರ ಮೂವರು ರಾಜರ ಹಬ್ಬದವರೆಗೆ ಇರುತ್ತದೆ. ಕಾರವಾರದ ಕೆಥೆಡ್ರಲ್ಲಿರಲಿ, ನಿಮ್ಮೂರಿನ ಸಣ್ಣ ಇಗರ್ಜಿಯಿರಲಿ, ಪಕ್ಕದ ಮನೆಯ ಜಗಲಿಯಿರಲಿ, ಮಕ್ಕಳನ್ನು ಕರೆದುಕೊಂಡು ಹೋಗಿ. ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ. ಕಥೆಯನ್ನು ಪೂರ್ತಿ ಹೇಳಿ, ಹೆರೋದನನ್ನೂ ಸೇರಿಸಿ.